ಸೋಸಲೆ ಹೋಬಳಿಯ ಪೋಷಕರಲ್ಲಿ ಒಂದು ಮನವಿ

2024ರ ಅಕ್ಟೋಬರ್‌ನಲ್ಲಿ ರಾಜ್ಯದ ವಿದ್ಯುತ್ ಕಂಪನಿಗಳಾದ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳು 2,975 ಹುದ್ದೆಗಳಿಗೆ ಅರ್ಜಿ ಕರೆದವು. ಬಹುಪಾಲು ಕಿರಿಯ ಪವರ್‌ಮ್ಯಾನ್ ಹುದ್ದೆಗಳು. ಕೇಳಿದ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ಜೊತೆಗೆ ಎಂಟು ಮೀಟರ್ ಎತ್ತರದ ವಿದ್ಯುತ್ ಕಂಬ ಹತ್ತಿ ತೋರಿಸಬೇಕಿತ್ತು. ಇನ್ನೊಂದು ಕಡೆ, ಅದೇ ವರ್ಷದ ಜನವರಿಯಲ್ಲಿ ಸರ್ಕಾರ ಯುವನಿಧಿ ಕೊಡಲು ಶುರು ಮಾಡಿತ್ತು. ಅದು ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ.

ಸೋಸಲೆ ವ್ಯಾಸರಾಜ ಮಠದ ಊರು, ಅಯ್ಯಾ ಶಾಸ್ತ್ರಿಗಳಂಥ ವಿದ್ವಾಂಸರ ಊರು. ಇಲ್ಲಿ ಓದಿಗಿರುವ ಗೌರವ ಇವತ್ತಿನದಲ್ಲ. ಆದರೆ ಓದು ಎಂದರೆ ಡಿಗ್ರಿಯೊಂದೇ ಎಂಬ ಹಟಕ್ಕೆ ಬಿದ್ದು, ಮಗನಿಗೆ ಇಷ್ಟವಿದೆಯೋ ಇಲ್ಲವೋ ಕೇಳದೆ, ಹೊಲದ ಮೇಲೆ ಸಾಲ ತಂದು ಕಾಲೇಜಿಗೆ ಕಟ್ಟುವ ಮನೆಗಳು ಒಂದು ಗಳಿಗೆ ನಿಂತು ಯೋಚಿಸಬೇಕು.

ಕೆಲಸ ದೂರದಲ್ಲೇನೂ ಇಲ್ಲ. ನಂಜನಗೂಡಿನಲ್ಲಿ ನೆಸ್ಲೆಯ ಕಾಫಿ ಕಾರ್ಖಾನೆ, ಸರ್ಕ್ಯೂಟ್ ಬೋರ್ಡ್ ತಯಾರಿಸುವ ಎಟಿ ಅಂಡ್ ಎಸ್ ಇವೆ. ಇಮ್ಮಾವಿನಲ್ಲಿ ಏಷ್ಯನ್ ಪೇಂಟ್ಸ್ ಇದೆ. ಇಂಥ ಕಡೆ ಯಂತ್ರ ಕೆಟ್ಟು ನಿಂತರೆ ಮೊದಲು ಕರೆ ಹೋಗುವುದು ಫಿಟ್ಟರ್‌ಗೆ, ಎಲೆಕ್ಟ್ರಿಷಿಯನ್‌ಗೆ. ಬಾಯ್ಲರ್ ಇರುವಲ್ಲಿ ಪ್ರಮಾಣಪತ್ರ ಪಡೆದ ಅಟೆಂಡೆಂಟ್ ಇರಲೇಬೇಕು. ಹಾಗೆಂದು ಕಾನೂನೇ ಹೇಳುತ್ತದೆ.

ಇಂಥ ಕಸುಬು ಕಲಿಯಲು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರಕ್ಕೆ, ಅಂದರೆ ಜಿಟಿಟಿಸಿಗೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸರ್ಕಾರಿ ಸಂಸ್ಥೆಯ ಕೇಂದ್ರ ಮೈಸೂರಿನಲ್ಲೂ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ: ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಈ ಕಸುಬು ಶುರುವಾಗುವುದು ಅರದಿಂದ. ಕಬ್ಬಿಣದ ತುಂಡೊಂದನ್ನು ವೈಸ್‌ಗೆ ಕಚ್ಚಿಸಿ, ಉಜ್ಜಿ ಉಜ್ಜಿ ಸಮ ಮಾಡಿ, ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯಬೇಕು. ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಬೇಕು. ಮೈಕ್ರೋಮೀಟರ್‌ನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆಯುವ ಕೈ ತಯಾರಾಗುವುದು ಹೀಗೆ. ಬಾಟಲಿ ಮುಚ್ಚಳದಿಂದ ಕಾರಿನ ಬಿಡಿಭಾಗದವರೆಗೆ ಪ್ಲಾಸ್ಟಿಕ್ಕಿನ ಬಹುತೇಕ ವಸ್ತುಗಳಿಗೆ ಮೊದಲು ಅಚ್ಚು ಬೇಕು. ಆ ಅಚ್ಚು ಮಾಡಬಲ್ಲವರನ್ನು ಉದ್ಯಮಗಳು ಹುಡುಕಿಕೊಂಡು ಬರುತ್ತವೆ.

ಮುಂದೆ ಓದುವ ಬಾಗಿಲು ಮುಚ್ಚಿಹೋಗುತ್ತದೆಂಬ ಭಯವೂ ಬೇಡ. ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಟ್ರೇಡಿನಲ್ಲಿ ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಹೋಗಬಹುದು.

ಎಲ್ಲವೂ ಸಲೀಸೆಂದು ಹೇಳಿದರೆ ಮೋಸವಾದೀತು. ಅಪ್ರೆಂಟಿಸ್ ಅವಧಿಯ ಸ್ಟೈಪೆಂಡ್ ಕಡಿಮೆ. ಗುತ್ತಿಗೆದಾರರ ಮೂಲಕ ಸೇರಿದರೆ ವರ್ಷಗಟ್ಟಲೆ ಕಾಯಂ ಆಗದೆ ಉಳಿಯುವುದೂ ಉಂಟು. ಹಾಗಾಗಿ ಸೇರುವ ಮೊದಲೇ ಕೇಳಿ: ನೇಮಕ ಕಂಪನಿಯದೋ, ಗುತ್ತಿಗೆದಾರನದೋ? ಪಿಎಫ್, ಇಎಸ್ಐ ಇದೆಯೇ? ಖಾಸಗಿ ಐಟಿಐ ಆದರೆ ಆ ಟ್ರೇಡಿಗೆ ಕೇಂದ್ರ ಸರ್ಕಾರದ ಮಾನ್ಯತೆ ಇದೆಯೇ ನೋಡಿಯೇ ಶುಲ್ಕ ಕಟ್ಟಿ.

ಹೋಬಳಿಯ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಲ್ಲೂ, ಪಂಚಾಯಿತಿ ಸದಸ್ಯರಲ್ಲೂ ವಿನಂತಿ ಇಷ್ಟೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಫಲಿತಾಂಶ ಬರುವುದರೊಳಗೆ ಮಕ್ಕಳನ್ನೂ ತಂದೆತಾಯಿಯರನ್ನೂ ಒಂದು ದಿನ ಮೈಸೂರಿಗೆ ಕರೆದೊಯ್ದು ಜಿಟಿಟಿಸಿಯ ವರ್ಕ್‌ಶಾಪ್ ತೋರಿಸಿ. ಹೆಣ್ಣುಮಕ್ಕಳನ್ನು ಬಿಟ್ಟು ಹೋಗಬೇಡಿ. ಅಲ್ಲಿ ಕಲಿಯುತ್ತಿರುವವರ ಜೊತೆ ಮಾತಾಡಿಸಿ, ಹಿಂದಿನ ವರ್ಷ ಮುಗಿಸಿದವರು ಎಲ್ಲಿ ಸೇರಿದರು, ಎಷ್ಟು ಸಂಬಳಕ್ಕೆ ಎಂದು ವಿಚಾರಿಸಿ. ಅರ್ಜಿ ತುಂಬುವುದು ಆಮೇಲೆ.