ಬಾಣಂತನದ ಖರ್ಚು ಯಾರ ತಲೆಗೆ?



ಈ ಪಕ್ಷ ಬಂದ ಪತ್ರಗಳಲ್ಲಿ ತಿಪಟೂರಿನ ತಾಯಿಯೊಬ್ಬರದು ಮನಸ್ಸಿಗೆ ತಟ್ಟಿತು. ಅವರ ಮಗಳು ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ತಿಂಗಳಿಗೆ 25,000 ರೂಪಾಯಿ ಸಂಬಳ. ಈಗ ಅವಳಿಗೆ ಮೂರು ತಿಂಗಳು. ಹೇಳಿದರೆ ಎಲ್ಲಿ ಕೆಲಸ ಹೋದೀತೋ ಎಂದು ಹೆದರಿ, ಸಡಿಲ ಚೂಡಿದಾರ ಹಾಕಿಕೊಂಡು ಓಡಾಡುತ್ತಿದ್ದಾಳಂತೆ. ಮನೆಯ ಯಜಮಾನರು ಮಾತ್ರ, "ಹೆರಿಗೆ ರಜೆ, ಪುಕ್ಕಟೆ ಬಸ್ಸು ಅಂತ ಹಂಚ್ತಾ ಹೋದ್ರೆ ಯಾವನು ಕಾರ್ಖಾನೆ ಇಡ್ತಾನೆ? ಎಲ್ಲ ಪಕ್ಕದ ರಾಜ್ಯಕ್ಕೆ ಗಂಟುಮೂಟೆ ಕಟ್ತಾರೆ" ಎನ್ನುತ್ತಾರಂತೆ. "ಅವರ ಮಾತು ನಿಜವೇ? ಮಗಳು ಏನು ಮಾಡಬೇಕು?" ಎಂದು ಆ ತಾಯಿ ಕೇಳಿದ್ದಾರೆ.

ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನನ್ನ ಚಿಕ್ಕಪ್ಪನ ಮಗನೂ ಪೀಣ್ಯದಲ್ಲೇ ಲೇತ್ ಮೆಷಿನ್ ಇಟ್ಟುಕೊಂಡವನು. ಹದಿನಾಲ್ಕು ಜನ ಕೆಲಸಗಾರರು. ಯುಗಾದಿಗೆ ಮನೆಗೆ ಬಂದಾಗ ಒಬ್ಬಟ್ಟು ಬಡಿಸುತ್ತಾ ಅವನನ್ನೇ ಕೇಳಿದೆ. "ಅಕ್ಕ, ಇ.ಎಸ್.ಐ. ಇರೋ ಹುಡುಗೀರು ರಜಾ ಹಾಕಿದ್ರೆ ನಂಗೇನೂ ತಲೆನೋವಿಲ್ಲ. ಆಫೀಸಿನ ಹುಡುಗಿ ಹೋದ್ರೆ ಮಾತ್ರ ಆರು ತಿಂಗಳು ಅವಳಿಗೂ ಸಂಬಳ, ಅವಳ ಜಾಗಕ್ಕೆ ಬಂದೋರಿಗೂ ಸಂಬಳ. ಸುಳ್ಳು ಯಾಕೆ ಹೇಳ್ಲಿ, ಮುಂದಿನ ಸಲ ಗಂಡು ಹುಡುಗನ್ನೇ ತಗೊಳ್ಳೋಣ ಅನ್ಸುತ್ತೆ" ಎಂದ.

ನನಗೆ ಬೇಸರವಾಯಿತು. ಆದರೆ ಅವನ ಮಾತಿನಲ್ಲೇ ಉತ್ತರವೂ ಇತ್ತು. ಸ್ವಲ್ಪ ಬಿಡಿಸಿ ನೋಡೋಣ.

ಇ.ಎಸ್.ಐ. ಎನ್ನುವುದು 1948ರ ಕಾಯಿದೆಯಿಂದ ಹುಟ್ಟಿದ ಕಾರ್ಮಿಕರ ವಿಮೆ. 2019ರಲ್ಲಿ ಗೊತ್ತುಮಾಡಿದ ದರದಂತೆ, 16,000 ರೂಪಾಯಿ ಸಂಬಳದ ಕೆಲಸಗಾರಳಿಗೆ ಮಾಲೀಕ ಕಟ್ಟುವುದು ತಿಂಗಳಿಗೆ 520 ರೂಪಾಯಿ, ಅವಳ ಸಂಬಳದಿಂದ ಮುರಿಯುವುದು 120. ಗಂಡಸರಿಗೂ ಇದೇ ದರ. ಹೆರಿಗೆಯಾದಾಗ 26 ವಾರಗಳ ಕೂಲಿಯನ್ನು ಕೊಡುವುದು ವಿಮಾ ನಿಗಮ, ಮಾಲೀಕನಲ್ಲ.

ಆದರೆ 2017ರಲ್ಲಿ ಈ ವಿಮೆಗೆ 21,000 ರೂಪಾಯಿ ಸಂಬಳದ ಮಿತಿ ಹಾಕಿದರು. ಅದನ್ನು ದಾಟಿದವರು ವಿಮೆಯಿಂದ ಹೊರಗೆ. ಅದೇ ವರ್ಷ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಒಳ್ಳೆಯದೇ ಆಯಿತು. ಆದರೆ ವಿಮೆ ಇಲ್ಲದವರ ರಜೆಯ ಸಂಬಳವೆಲ್ಲ ಮಾಲೀಕನ ಜೇಬಿನಿಂದಲೇ ಬರಬೇಕು. ತಿಪಟೂರಿನ ಹುಡುಗಿಯ ಲೆಕ್ಕ ಹಾಕಿ: ಸುಮಾರು ಒಂದೂವರೆ ಲಕ್ಷ. ದೊಡ್ಡ ಕಂಪನಿಗೆ ಇದು ಗೊತ್ತೂ ಆಗುವುದಿಲ್ಲ. ಹದಿನಾಲ್ಕು ಜನರ ಶೆಡ್ಡಿಗೆ ಗೊತ್ತಾಗುತ್ತದೆ.

ನಮ್ಮೂರ ಮದುವೆಗಳಲ್ಲಿ ಮುಯ್ಯಿ ಇತ್ತಲ್ಲ, ನೆನಪಿದೆಯೇ? ಹೆಣ್ಣಿನ ಅಪ್ಪನೊಬ್ಬನೇ ಖರ್ಚು ಹೊತ್ತರೆ ಮನೆ ಮಾರಬೇಕಾಗುತ್ತಿತ್ತು. ಊರೆಲ್ಲ ಐದು, ಹತ್ತು ಮುಯ್ಯಿ ಹಾಕಿದರೆ ಮದುವೆ ನಿರಾಯಾಸ. ಇ.ಎಸ್.ಐ. ಎಂದರೆ ಮುಯ್ಯಿ ಹಾಕಿದ ಮದುವೆ. ಮೇಲಿನ ಸಂಬಳದವರ ಹೆರಿಗೆ ರಜೆ ಅಪ್ಪನೊಬ್ಬನೇ ಮಾಡುವ ಮದುವೆ. ತಪ್ಪು ಸೌಲಭ್ಯದ್ದಲ್ಲ, ಹೊರೆ ಹಂಚಿದ ರೀತಿಯದ್ದು.

ಸ್ವೀಡನ್ ದೇಶದವರು ಇದನ್ನು ಎಂದೋ ಅರಿತುಕೊಂಡರು. 1974ರಲ್ಲೇ ಅಲ್ಲಿ ತಾಯಿಗೂ ತಂದೆಗೂ ರಜೆಯ ವಿಮೆ ತಂದರು. ಹೆಣ್ಣಿರಲಿ ಗಂಡಿರಲಿ, ಎಲ್ಲರ ಸಂಬಳದ ಮೇಲೂ ಮಾಲೀಕರು ಕಂತು ಕಟ್ಟುತ್ತಾರೆ. ಹೆಣ್ಣನ್ನು ತೆಗೆದುಕೊಂಡರೆ ಹೆಚ್ಚು ಖರ್ಚು ಎನ್ನುವ ಲೆಕ್ಕ ಅಲ್ಲಿ ನಿಲ್ಲದು. ತೆರಿಗೆ ಭಾರವೇನೋ ಜಾಸ್ತಿ. ಹಾಗೆಂದು ವ್ಯಾಪಾರ ಮುಳುಗಿತೇ? ಹೊಸಕೋಟೆಯಲ್ಲಿ ಕಾರ್ಖಾನೆ ಇಟ್ಟ ವೋಲ್ವೋ ಆ ದೇಶದ್ದು. ಪೀಣ್ಯದ ಮಗ್ಗುಲಿಗೇ, ನಾಗಸಂದ್ರದಲ್ಲಿ 2022ರಲ್ಲಿ ತೆರೆದ ಐಕಿಯಾ ಅಂಗಡಿಯೂ ಅಲ್ಲೇ ಹುಟ್ಟಿದ್ದು.

ಇನ್ನು ಬಸ್ಸಿನ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ನೆಲಮಂಗಲದ ಕಡೆಯಿಂದ ಪೀಣ್ಯದ ಗಾರ್ಮೆಂಟ್ಸಿಗೆ ಬರುವ ಹೆಂಗಸಿಗೆ ದಿನದ ಬಸ್ ಚಾರ್ಜು ಉಳಿಯಿತು. ಚಾರ್ಜಿಗೆ ಹೆದರಿ ಬಿಟ್ಟ ದೂರದ ಕೆಲಸವೂ ಕೈಗೆಟುಕಿತು. ಕೆಲಸಗಾರರು ಸಿಕ್ಕರೆ ಕಾರ್ಖಾನೆಗೇ ಲಾಭ ತಾನೆ? ಆದರೆ ಪುಕ್ಕಟೆ ಎನ್ನುವುದು ಯಾವುದೂ ಇಲ್ಲ ಕಣ್ರೀ. ಆ ಟಿಕೆಟ್ಟಿನ ದುಡ್ಡು ಖಜಾನೆಯದು, ಎಂದರೆ ನಮ್ಮೆಲ್ಲರದು. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಏರಿ, ಗಂಡಸರ ಜೇಬಿಗೆ ಹೊರೆಯಾದದ್ದೂ ನಿಜವೇ. ಮುಯ್ಯಿ ಪುಸ್ತಕವನ್ನು ಸರಿಯಾಗಿ ಬರೆದಿಡದಿದ್ದರೆ ಮುಯ್ಯಿಯೂ ಸಾಲವಾದೀತು.

ಭದ್ರತೆ ಕಿತ್ತುಕೊಂಡರೆ ವ್ಯಾಪಾರ ಸುಗಮ ಎನ್ನುವವರು 2016ರ ಏಪ್ರಿಲ್ 18, 19ನ್ನು ನೆನೆಯಲಿ. ಭವಿಷ್ಯ ನಿಧಿಯ ಹಣ ತೆಗೆಯಲು ಕೇಂದ್ರ ಸರ್ಕಾರ ಹೊಸ ಕಟ್ಟುಪಾಡು ಹಾಕಿದಾಗ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ಪೀಣ್ಯದ ರಸ್ತೆಗೆ ಇಳಿದರು. ಸರ್ಕಾರ ಎರಡನೆಯ ದಿನವೇ ಆ ಕಟ್ಟುಪಾಡನ್ನು ಹಿಂದಕ್ಕೆ ಪಡೆಯಿತು. ಆ ಎರಡು ದಿನ ನಿಂತ ಮೆಷಿನ್ನುಗಳ ನಷ್ಟ ಯಾರ ಲೆಕ್ಕಕ್ಕೆ? ನಾಳೆಯ ಚಿಂತೆ ಇಲ್ಲದ ಕೈ ಮಾತ್ರ ಇವತ್ತಿನ ಕೆಲಸವನ್ನು ನೆಟ್ಟಗೆ ಮಾಡುತ್ತದೆ.

ಈಗ ಮಗಳ ವಿಷಯ. ತಾಯೀ, ಅವಳು ಮುಚ್ಚಿಡುವುದು ಬೇಡ. ಡಾಕ್ಟರ ಚೀಟಿ ಜೊತೆಗಿಟ್ಟು, ಹೆರಿಗೆಯ ತಾರೀಖು ಬರೆದು, ಮಾಲೀಕರಿಗೆ ಕಾಗದ ಕೊಡಲಿ, ನಕಲು ಇಟ್ಟುಕೊಳ್ಳಲಿ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಂಬಳ ಸಹಿತ ರಜೆ ಅವಳ ಹಕ್ಕು. ಬಸುರಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆದು ಆ ಹಕ್ಕನ್ನು ತಪ್ಪಿಸುವಂತಿಲ್ಲ. ಹಾಗೇನಾದರೂ ಆದರೆ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಿ. ಜೊತೆಗೆ, ತನ್ನ ಜಾಗಕ್ಕೆ ಬರುವವರಿಗೆ ಎರಡು ವಾರ ಕೆಲಸ ಕಲಿಸಿಕೊಟ್ಟು ಹೋಗುತ್ತೇನೆ ಎಂದು ತಾನಾಗಿ ಹೇಳಲಿ. ಹಕ್ಕಿನ ಮಾತನ್ನು ನಗುಮುಖದಿಂದ ಆಡಿದರೆ ನಷ್ಟವೇನೂ ಇಲ್ಲ.

ಯಜಮಾನರಿಗೂ ಒಂದು ಮಾತು: ಮೊಮ್ಮಗುವನ್ನು ಎತ್ತಿಕೊಂಡ ಮೇಲೆ ಈ ಚರ್ಚೆ ಮುಂದುವರಿಸಿ ಅನ್ನಿ. ಆಗಲೂ ಹೆರಿಗೆ ರಜೆ ದಂಡ ಎಂದರೆ ನನಗೆ ಬರೆಯಿರಿ.