ಪಟ್ಟಿಯಲ್ಲಿಲ್ಲದ ಕಲಾವಿದರು

ಕಲಬುರಗಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಾಲ್ಕು ಸಲ ನಡೆದಿದೆ. 1928ರಲ್ಲಿ ಬಿ.ಎಂ.ಶ್ರೀ ಅಧ್ಯಕ್ಷರಾಗಿದ್ದಾಗ ಇದು ನಿಜಾಮರ ಸೀಮೆ. 1949ರಲ್ಲಿ ಉತ್ತಂಗಿ ಚನ್ನಪ್ಪನವರು ಬಂದಾಗ ಆ ಆಳ್ವಿಕೆ ಮುಗಿದು ಮರುವರ್ಷ. ಆಮೇಲೆ 1987ರಲ್ಲಿ ಸಿದ್ಧಯ್ಯ ಪುರಾಣಿಕರು, 2020ರಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ. ನಡುವೆ ಗುಲಬರ್ಗಾ ವಿಶ್ವವಿದ್ಯಾಲಯ ಬಂತು, ರಂಗಾಯಣ ಬಂತು, ಆಳಂದದ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯವೇ ಬಂತು. ಕಟ್ಟಡಗಳ ಲೆಕ್ಕದಲ್ಲಿ ನಮಗೆ ದೂರಲು ಹೆಚ್ಚೇನೂ ಉಳಿದಿಲ್ಲ. ಜನರ ಲೆಕ್ಕವನ್ನು ಮಾತ್ರ ಯಾರೂ ಹಾಕಲಿಲ್ಲ.

ಮಹಾರಾಷ್ಟ್ರ ಗಡಿಯಂಚಿನ ಹಿರೋಳ್ಳಿಯ ಹೆಸರು ಪತ್ರಿಕೆಗಳಲ್ಲಿ ಬರುವುದು ಚೆಕ್‌ಪೋಸ್ಟಿನ ಕಾರಣಕ್ಕೆ, ಅದೂ ಚುನಾವಣೆ ಬಂದಾಗ. ಇಂಥ ಊರುಗಳಲ್ಲಿ ಕಲೆಯ ಕೆಲಸ ಮಾಡುವವರು ಹಗಲು ತೊಗರಿ ಹೊಲದಲ್ಲಿರುತ್ತಾರೆ. ಅಮಾವಾಸ್ಯೆಯ ರಾತ್ರಿ ಉಂಡು, ಏಕತಾರಿ, ದಮ್ಮಡಿ, ತಾಳ ಹಿಡಿದು ಗುಡಿಯಲ್ಲಿ ಕೂತರೆ ಏಳುವುದು ಕೋಳಿ ಕೂಗಿದ ಮೇಲೆ. ನಡುವೆ ಒಂದು ನೋಟ್‌ಬುಕ್ ಕೈಯಿಂದ ಕೈಗೆ ಹೋಗುತ್ತದೆ. ಹಳೇ ಕ್ಯಾಲೆಂಡರಿನ ಹಾಳೆಯ ರಟ್ಟು, ಎಣ್ಣೆಗೈ ತಾಗಿ ಕಂದಿದ ಅಂಚು, ತಂದೆಯ ಅಕ್ಷರದ ಕೆಳಗೆ ಮಗನ ಅಕ್ಷರ. ಅಫಜಲಪುರ ತಾಲ್ಲೂಕಿನ ಬಿದನೂರಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆ ನಿಂತ ತತ್ವಪದಕಾರ ಮಡಿವಾಳಪ್ಪನ ಪದಗಳು, ಅವನ ಶಿಷ್ಯರಾದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪನವರ ಪದಗಳು ಉಳಿದು ಬಂದದ್ದು ಇಂಥ ಕಂಠಗಳಿಂದ, ಇಂಥ ಪುಸ್ತಕಗಳಿಂದ. ಅಚ್ಚಿನ ಸಂಪುಟಗಳು ಬಂದದ್ದು ಬಹಳ ತಡವಾಗಿ.

ಹೀಗೆ ಹಾಡುವವರನ್ನು ಕಲಾವಿದರೆಂದು ಕರೆದರೆ ಅವರೇ ನಗುತ್ತಾರೆ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ್ ಹಾಡುವವರು, ಜಾತ್ರೆಯ ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಕೊಡುವ ಪೇಟಿ ಮಾಸ್ತರರು, ತೊಟ್ಟಿಲು ಕಾರ್ಯಕ್ಕೆ ಕರೆಸಿಕೊಂಡು ಹಾಡುವ ಅವ್ವಂದಿರು, ಎಲ್ಲರೂ ಹೀಗೇ. ಹೆಂಗಸರ ಹಾಡಂತೂ ಮನೆಗೆಲಸದ ಲೆಕ್ಕಕ್ಕೇ ಸೇರಿಹೋಗಿದೆ.

ಹಗುರವಾಗಿ ಬಿಡುವ ಸಂಗತಿ ಇದಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 58 ವರ್ಷ ದಾಟಿದ ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅರ್ಜಿಯ ಜೊತೆ ಕಲಾಸೇವೆಯ ದಾಖಲೆ ಬೇಕು. ಅಮಾವಾಸ್ಯೆಯ ಭಜನೆಗೆ ಯಾರು ಪ್ರಮಾಣಪತ್ರ ಕೊಟ್ಟಾರು? ದಾಖಲೆ ಇರುವುದು ವೇದಿಕೆ ಹತ್ತಿದವರ ಬಳಿ. ಹೀಗಾಗಿ ಜಿಲ್ಲಾ ಉತ್ಸವಗಳಲ್ಲಿ ಹಾಡುವ ಮೇಳ ಪಟ್ಟಿಗೆ ಸೇರುತ್ತದೆ, ಆ ಮೇಳಕ್ಕೆ ಪದ ಕಲಿಸಿದ ಮುದುಕ ಹೊರಗೆ ಉಳಿಯುತ್ತಾನೆ.

ಗಡಿಯಾಚೆಯವರದು ಇನ್ನೊಂದು ಪಾಡು. ಅಕ್ಕಲಕೋಟೆ ತಾಲ್ಲೂಕಿನ ಊರೂರಲ್ಲಿ ಕನ್ನಡ ಮನೆಗಳಿವೆ. 1956ರ ಗೆರೆ ಬೀಳುವ ಮುಂಚೆಯಿಂದಲೂ ನೆಂಟಸ್ತನ, ಜಾತ್ರೆ, ಭಜನೆ ಎರಡೂ ಕಡೆ ಒಂದೇ; ಲೆಕ್ಕಕ್ಕೆ ಮಾತ್ರ ಅವರು ಸಿಗುವುದಿಲ್ಲ. ಭಾಷೆಗಳೂ ಇಲ್ಲಿ ಹಾಗೇ ಬೆರೆತಿವೆ. ದೇವಲ ಗಾಣಗಾಪುರಕ್ಕೆ ಮರಾಠಿ ಭಕ್ತರು ಕೈಯಲ್ಲಿ ಹಿಡಿದು ಬರುವ ‘ಗುರುಚರಿತ್ರೆ’ಯನ್ನು ಬರೆದ ಸರಸ್ವತಿ ಗಂಗಾಧರ ಕಡಗಂಚಿಯ ಮನೆತನದವನು. ಆ ಮರಾಠಿ ಗ್ರಂಥದೊಳಗೆ ಕನ್ನಡ ಪದಗಳೂ ಇವೆ! ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇಲ್ಲಿ ಸಭಾಭವನ ಕಟ್ಟುವ ಮುಂಚೆ ಹಾಡುವವರ ಮನೆ ಎಣಿಸಲಿ.

ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ವಿದ್ಯಾರ್ಥಿಗಳು ಊರಿಗೆ ಇಬ್ಬರಂತೆ ಆಳಂದ, ಅಫಜಲಪುರ, ಜೇವರ್ಗಿ ತಿರುಗಿ, ಆ ನೋಟ್‌ಬುಕ್‌ಗಳ ಫೋಟೊ ತೆಗೆದು, ಹಾಡುವವರ ಹೆಸರು, ವಯಸ್ಸು, ಕಲಿಸಿದ ಗುರುವಿನ ಹೆಸರು ಬರೆದುಕೊಂಡು ಬರಲಿ. ಗ್ರಾಮ ಪಂಚಾಯಿತಿ ಅದಕ್ಕೆ ಮೊಹರು ಹಾಕಲಿ. ಮಾಸಾಶನದ ಅರ್ಜಿಗೆ ಇಲಾಖೆ ಆ ಹಾಳೆಯನ್ನೇ ದಾಖಲೆಯೆಂದು ಒಪ್ಪಲಿ.