ಅಜ್ಜಿಗೆ ಬಾಯಾರಿಕೆ ಏಕಿಲ್ಲ?

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯಿಂದ ಆಗಿರುವ ಅನಾಹುತ ಸಣ್ಣದಲ್ಲ. ಮೊನ್ನೆಯವರೆಗೂ ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದ ಅಜ್ಜಿ, ಎರಡು ದಿನ ಭೇದಿಯಾದ ಮೇಲೆ ಮಗನನ್ನು ತಮ್ಮನ ಹೆಸರಿನಿಂದ ಕರೆಯತೊಡಗಿದರೆ ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಮುಪ್ಪಿನ ಮರೆವು ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುವಂಥದು. ದಿಢೀರನೆ ಬಂದ ಗೊಂದಲಕ್ಕೆ ಬೇರೆ ಕಾರಣ ಹುಡುಕಬೇಕು. ದೇಹದ ನೀರು ಮತ್ತು ಲವಣಗಳ ಏರುಪೇರು ಅಂಥ ಕಾರಣಗಳಲ್ಲೊಂದು.

ತರುಣರ ದೇಹತೂಕದಲ್ಲಿ ಸುಮಾರು ಶೇ. 60ರಷ್ಟು ನೀರಿರುತ್ತದೆ. ಮುಪ್ಪಿನಲ್ಲಿ ಸ್ನಾಯುಗಳು ಸೊರಗುವುದರಿಂದ ಇದು ಶೇ. 50ರ ಹತ್ತಿರಕ್ಕೆ ಇಳಿಯುತ್ತದೆ. ಮೂತ್ರವನ್ನು ಸಾಂದ್ರಗೊಳಿಸಿ ನೀರನ್ನು ಉಳಿಸುವ ಮೂತ್ರಪಿಂಡಗಳ ಶಕ್ತಿಯೂ ತಗ್ಗುತ್ತದೆ. ಇವೆರಡಕ್ಕಿಂತ ಮುಖ್ಯವಾಗಿ, ನೀರು ಬೇಕೆಂದು ಮಿದುಳು ಕೊಡುವ ಸೂಚನೆಯೇ ಮಂಕಾಗುತ್ತದೆ. ‘ನೀರು ಬೇಕೇನಜ್ಜಿ?’ ಎಂದರೆ ‘ಬೇಡ ಮಗಾ’ ಎನ್ನುವುದು ಸುಳ್ಳಲ್ಲ. ಅವರಿಗೆ ನಿಜವಾಗಿಯೂ ಬಾಯಾರಿರುವುದಿಲ್ಲ. ಅವರು ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಉಂಟು: ರಾತ್ರಿ ಎದ್ದು ಬಚ್ಚಲಿಗೆ ಹೋಗುವ ಭಯ. ದಾರಿಗೊಂದು ದೀಪ, ಗೋಡೆಗೊಂದು ಹಿಡಿಕೆ ಹಾಕಿಸಿದರೆ ನೀರು ಕುಡಿಸುವ ಕೆಲಸ ಎಷ್ಟೋ ಹಗುರಾಗುತ್ತದೆ.

ಹಾಗೆಂದು ಬರೀ ನೀರನ್ನು ಚೊಂಬುಗಟ್ಟಲೆ ಕುಡಿಸುವುದೂ ಸರಿಯಲ್ಲ. ಭೇದಿ, ಬೆವರುಗಳಲ್ಲಿ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಉಪ್ಪಿಲ್ಲದ ನೀರು ಅತಿಯಾದರೆ ಅದು ಇನ್ನಷ್ಟು ತೆಳುವಾಗುತ್ತದೆ. ಆಗ ಏನಾಗುತ್ತದೆ? ಪರಾಸರಣದ ಪಾಠದಲ್ಲಿ ಒಣದ್ರಾಕ್ಷಿಯನ್ನು ನೀರಿಗೆ ಹಾಕಿದ್ದು ನೆನಪಿರಬಹುದು. ಮಿದುಳಿನ ಕೋಶಗಳೂ ಹಾಗೆಯೇ ಉಬ್ಬುತ್ತವೆ. ಆದರೆ ತಲೆಬುರುಡೆ ಹಿಗ್ಗುವುದಿಲ್ಲ. ತಲೆನೋವು, ವಾಂತಿ, ಗೊಂದಲ, ಕೊನೆಗೆ ಫಿಟ್ಸ್. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ಭೇದಿಯಿಲ್ಲದೆಯೂ ಸೋಡಿಯಂ ಇಳಿಯಬಹುದು.

ಭೇದಿಯಾದಾಗ ಓಆರ್‌ಎಸ್ ಕೊಡುವುದು ಇದಕ್ಕಾಗಿಯೇ. ಅದರಲ್ಲಿನ ಗ್ಲೂಕೋಸ್ ರುಚಿಗಾಗಿ ಹಾಕಿದ್ದಲ್ಲ. ಕರುಳಿನ ಕೋಶದಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಹೋಗುತ್ತವೆ, ನೀರು ಹಿಂಬಾಲಿಸುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಈ ದ್ರಾವಣವನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಪೊಟ್ಟಣ ಪೂರ್ತಿಯನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಅರ್ಧ ಪೊಟ್ಟಣ, ಅಂದಾಜಿನ ನೀರು ಬೇಡ.

ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಪೊಟಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಮೂತ್ರಪಿಂಡ ದುರ್ಬಲವಾದವರಲ್ಲಿ ಪೊಟಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಹೃದಯ, ಮೂತ್ರಪಿಂಡಗಳ ತೊಂದರೆ ಇರುವವರಿಗೆ ಯಾವುದನ್ನು ಎಷ್ಟು ಕುಡಿಸಬೇಕೆಂದು ವೈದ್ಯರನ್ನೇ ಕೇಳಬೇಕು.

ಆರೈಕೆಯಲ್ಲಿ ಮಕ್ಕಳಿಗೂ ಒಂದು ಕೆಲಸವಿದೆ. ಹಳೆಯ ನೋಟ್‌ಬುಕ್ಕಿನಲ್ಲಿ ಅಜ್ಜಿ ಯಾವಾಗ ಎಷ್ಟು ಕುಡಿದರು, ಎಷ್ಟು ಸಲ ಮೂತ್ರ ಹೋಯಿತು, ಬಣ್ಣ ಹೇಗಿತ್ತು ಎಂದು ಬರೆದಿಡಿ. ಲೋಟದ ಅಳತೆಯನ್ನು ಮೊದಲೇ ತಿಳಿದುಕೊಳ್ಳಿ. ನಿಲ್ಲಲು ಸಾಧ್ಯವಾದರೆ ದಿನವೂ ಒಂದೇ ಹೊತ್ತಿಗೆ ತೂಕ ನೋಡಿ. ಒಂದೇ ದಿನದಲ್ಲಿ 1 ಕಿಲೋ ಇಳಿದರೆ ಸುಮಾರು 1 ಲೀಟರ್ ನೀರು ಹೋಗಿದೆ ಎಂದರ್ಥ. ಕೈಯ ಚರ್ಮವನ್ನು ಚಿವುಟಿ ನೋಡುವ ಪರೀಕ್ಷೆ ವಯಸ್ಸಾದವರಲ್ಲಿ ನಂಬುವಂತಿಲ್ಲ, ಅವರ ಚರ್ಮ ಮೊದಲೇ ಸಡಿಲ. ಒಣಗಿದ ನಾಲಿಗೆ, ಎದ್ದಾಗ ತಲೆಸುತ್ತು, ಇವನ್ನು ಗಮನಿಸಿ. ಕುಡಿಸುವಾಗ ದಿಂಬು ಕೊಟ್ಟು ಕೂರಿಸಿ ಗುಟುಕು ಗುಟುಕಾಗಿ ಕೊಡಬೇಕು. ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿದೀತು.

ಗೊಂದಲ ಕಂಡರೆ ತಡಮಾಡದೆ ಆ ನೋಟ್‌ಬುಕ್ಕು, ನುಂಗುವ ಮಾತ್ರೆಗಳ ಸಮೇತ ಆಸ್ಪತ್ರೆಗೆ ಹೋಗಿ. ರಕ್ತಪರೀಕ್ಷೆಯಿಂದ ಸೋಡಿಯಂ ಎಷ್ಟಿದೆಯೆಂದು ತಿಳಿಯುತ್ತದೆ. ‘ಎರಡು ಬಾಟಲಿ ಏರಿಸಿ ಸಂಜೆಗೆ ಮನೆಗೆ ಕಳಿಸಿಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸುವವರನ್ನು ಕಂಡಿದ್ದೇನೆ. ದಿನಗಟ್ಟಲೆ ತಗ್ಗಿದ್ದ ಸೋಡಿಯಂ ಅನ್ನು ಒಮ್ಮೆಲೇ ಏರಿಸಿದರೆ ಮಿದುಳಿನ ನರತಂತುಗಳ ಹೊದಿಕೆಗೆ ಶಾಶ್ವತ ಹಾನಿಯಾಗಬಹುದು. ಆದ್ದರಿಂದ ವೈದ್ಯರು ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತ, ಎರಡು ಮೂರು ದಿನ ಹಿಡಿದರೂ ಮೆಲ್ಲಗೆ ಏರಿಸುತ್ತಾರೆ.